ಒಬ್ಬ ಸಂಪಾದಕಿಯನ್ನು ತಡೆಯಲು ಬಂದ ಕಲಮು: ಲೂಯಿಸೆ ಒಟ್ಟೊ ಮತ್ತು ಅವರ ಮಹಿಳಾ ಪತ್ರಿಕೆ

1850ರ ಕೊನೆಯ ಹೊತ್ತಿಗೆ ಜರ್ಮನಿಯ ಸ್ಯಾಕ್ಸನಿ ರಾಜ್ಯ ಹೊಸ ಪತ್ರಿಕಾ ಕಾಯ್ದೆಯೊಂದನ್ನು ತಂದಿತು. ಅದರ 12ನೇ ಕಲಮಿನ ಸಾರ ಇಷ್ಟು: ನಿಯತಕಾಲಿಕದ ಹೊಣೆಗಾರ ಸಂಪಾದಕರಾಗಲು, ಆಗಿದ್ದರೆ ಮುಂದುವರಿಯಲು, ಸ್ಯಾಕ್ಸನಿಯಲ್ಲಿ ವಾಸವಿರುವ ಮತ್ತು ಸ್ವತಂತ್ರವಾಗಿ ವ್ಯವಹಾರ ನಡೆಸುವ ಅರ್ಹತೆಯಿರುವ ಪುರುಷರಿಗೆ ಮಾತ್ರ ಅವಕಾಶ. ಕಲಮಿನಲ್ಲಿ ಯಾರ ಹೆಸರೂ ಇರಲಿಲ್ಲ. ಆದರೂ ಅದಕ್ಕೆ ‘ಲೆಕ್ಸ್ ಒಟ್ಟೊ’, ಅಂದರೆ ಒಟ್ಟೊ ಕಾನೂನು ಎಂಬ ಹೆಸರೇ ನಿಂತಿತು. ಏಕೆಂದರೆ ಅದು ಯಾರನ್ನು ತಡೆಯಲು ಬಂದದ್ದು ಎಂಬುದು ಗುಟ್ಟಾಗಿರಲಿಲ್ಲ. 31 ವರ್ಷದ ಲೂಯಿಸೆ ಒಟ್ಟೊ ಎಂಬ ಅವಿವಾಹಿತೆ ಒಂದೂವರೆ ವರ್ಷದಿಂದ ‘ಫ್ರೌಯೆನ್-ತ್ಸೈಟುಂಗ್’ ಎಂಬ ಮಹಿಳಾ ವಾರಪತ್ರಿಕೆ ನಡೆಸುತ್ತಿದ್ದರು.

ಲೂಯಿಸೆ ಒಟ್ಟೊ ಅವರನ್ನು ಜರ್ಮನ್ ಮಹಿಳಾ ಚಳವಳಿಯ ಸ್ಥಾಪಕಿ ಎಂದು ಗೌರವಿಸುವುದುಂಟು. ಅದರ ಜೊತೆಗೇ ಒಂದು ಆಕ್ಷೇಪವೂ ಕೇಳಿಬರುತ್ತದೆ: 1848ರಲ್ಲಿ, ಅರಸರ ನಿರಂಕುಶ ಆಳ್ವಿಕೆಯ ವಿರುದ್ಧ ಎದ್ದ ಕ್ರಾಂತಿಯ ಪರ ನಿಂತವರು 1865ರ ಹೊತ್ತಿಗೆ ಶಿಕ್ಷಣ, ಉದ್ಯೋಗ ಎಂದು ಮೆತ್ತಗಾದರು, ಮತದಾನದ ಹಕ್ಕನ್ನು ಗಟ್ಟಿಯಾಗಿ ಕೇಳಲಿಲ್ಲ ಎಂಬುದು. ಅವರ ಬರಹಗಳನ್ನಷ್ಟೇ ಓದಿದರೆ ಹಾಗೆ ಕಾಣುವುದು ಸಹಜ. ಅವರ ಕಾಲದ ಕಾನೂನುಗಳನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಬೇರೆಯದೇ ಕಾಣುತ್ತದೆ. ಒಂದೊಂದು ಬಾಗಿಲು ಮುಚ್ಚಿದಾಗಲೂ ತೆರೆದಿದ್ದ ಬಾಗಿಲು ಯಾವುದು ಎಂದು ನೋಡಿಕೊಂಡು ಅವರು ನಡೆದಿದ್ದಾರೆ. ಆ ಕಾನೂನುಗಳು ಹೇಗೆ ಕೆಲಸ ಮಾಡುತ್ತಿದ್ದವು ಎಂಬುದೇ ಇಲ್ಲಿ ಮುಖ್ಯ.

ಮೊದಲು ‘ಹೊಣೆಗಾರ ಸಂಪಾದಕ’ ಎಂಬ ಹುದ್ದೆ. ನಮ್ಮ ಪತ್ರಿಕೆಗಳ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರು ಎಂದು ಹೆಸರು ಹಾಕಿರುತ್ತಾರಲ್ಲ, ಅದೇ ಬಗೆಯ ವ್ಯವಸ್ಥೆ. ಲೇಖನದಲ್ಲಿ ಅಪರಾಧವೆನ್ನಿಸುವುದು ಏನಾದರೂ ಇದ್ದರೆ ಸರ್ಕಾರ ಲೇಖಕರನ್ನು ಹುಡುಕುತ್ತ ಕೂರಬೇಕಿಲ್ಲ. ಹೆಸರು ಅಚ್ಚಾಗಿರುವ ಸಂಪಾದಕರ ಮೇಲೆ ಮೊಕದ್ದಮೆ ಹೂಡಿದರಾಯಿತು. 1848ರ ಮಾರ್ಚ್ ಕ್ರಾಂತಿಯಿಂದ ಜರ್ಮನ್ ರಾಜ್ಯಗಳಲ್ಲಿ ಅಚ್ಚಿಗೆ ಮೊದಲೇ ಹಸ್ತಪ್ರತಿ ನೋಡುವ ಸೆನ್ಸಾರ್ ಪದ್ಧತಿ ರದ್ದಾಗಿತ್ತು. ಕ್ರಾಂತಿ ಸೋತ ಮೇಲೆ ಸರ್ಕಾರಗಳು ಹಿಡಿತವನ್ನು ಮತ್ತೆ ಸಾಧಿಸಿದ್ದು ಹಳೆಯ ಸೆನ್ಸಾರ್ ಮೂಲಕ ಅಲ್ಲ, ಈ ಹುದ್ದೆಗೆ ಯಾರು ಅರ್ಹರು, ಎಷ್ಟು ಠೇವಣಿ ಇಡಬೇಕು ಎಂಬ ನಿಯಮಗಳ ಮೂಲಕ. ಬರೆದದ್ದರಲ್ಲಿ ತಪ್ಪು ಹುಡುಕಿದರೆ ನ್ಯಾಯಾಲಯದಲ್ಲಿ ಅದನ್ನು ಸಾಬೀತು ಮಾಡಬೇಕು, ವಾದ ಕೇಳಬೇಕು, ಪತ್ರಿಕೆ ಗೆದ್ದರೂ ಗೆದ್ದೀತು. ಸಂಪಾದಕರ ಅರ್ಹತೆಯನ್ನೇ ಬದಲಿಸಿಬಿಟ್ಟರೆ ಅಷ್ಟೆಲ್ಲ ಬೇಕಿಲ್ಲ. ಒಂದು ಸಾಲಿನ ತಪ್ಪನ್ನೂ ತೋರಿಸದೆ ಪತ್ರಿಕೆಯನ್ನು ನಿಲ್ಲಿಸಬಹುದು.

ಅಂಥ ಕಾಯ್ದೆ ಬರುವಷ್ಟರ ಮಟ್ಟಿಗೆ ಅವರು ಬೆಳೆದದ್ದು ಹೇಗೆ?

ಲೂಯಿಸೆ ಹುಟ್ಟಿದ್ದು 1819ರ ಮಾರ್ಚ್ 26ರಂದು, ಪಿಂಗಾಣಿಗೆ ಹೆಸರಾದ ಮೈಸೆನ್ ಊರಿನಲ್ಲಿ. ತಂದೆ ವಕೀಲರು. ಮನೆಯಲ್ಲಿ ಪತ್ರಿಕೆಗಳನ್ನು ಓದಿ ಚರ್ಚಿಸುವ ವಾತಾವರಣವಿತ್ತು. ಆದರೆ ಹುಡುಗಿಯರ ಶಾಲೆ ಹದಿನಾಲ್ಕರ ಆಸುಪಾಸಿನಲ್ಲಿ, ಚರ್ಚಿನಲ್ಲಿ ನಡೆಯುವ ದೃಢೀಕರಣ ವಿಧಿಯೊಂದಿಗೆ ಮುಗಿದುಹೋಗುತ್ತಿತ್ತು. ಇನ್ನೊಂದು ವರ್ಷ ಓದಬೇಕೆಂಬ ಆಸೆಗೆ ಆ ವಿಧಿಯನ್ನೇ ಒಂದು ವರ್ಷ ಮುಂದೂಡಿಸಿಕೊಂಡ ಹುಡುಗಿ ಇವರು. ಅಲ್ಲಿಂದಾಚೆಗಿನ ಓದೆಲ್ಲ ಸ್ವಂತ ಪ್ರಯತ್ನದ್ದು. ಹದಿನೇಳು ತುಂಬುವ ಹೊತ್ತಿಗೆ ತಾಯಿ, ತಂದೆ ಇಬ್ಬರೂ ತೀರಿಕೊಂಡಿದ್ದರು.

ಇಲ್ಲೇ ಮೊದಲ ಕಾನೂನು ಬರುತ್ತದೆ. ಹೆಂಗಸು ಎಂಬ ಒಂದೇ ಕಾರಣಕ್ಕೆ, ವಯಸ್ಸೆಷ್ಟೇ ಆಗಿರಲಿ, ಒಪ್ಪಂದ ಮಾಡಿಕೊಳ್ಳಲು, ಆಸ್ತಿ ಮಾರಲು, ಕೋರ್ಟಿಗೆ ಹೋಗಲು ಒಬ್ಬ ಗಂಡಸಿನ ಪೋಷಕತ್ವ ಬೇಕು ಎಂಬ ಪದ್ಧತಿ ಹಲವು ಜರ್ಮನ್ ರಾಜ್ಯಗಳಲ್ಲಿತ್ತು. ಸ್ಯಾಕ್ಸನಿ 1838ರಲ್ಲಿ ಅದನ್ನು ತೆಗೆದುಹಾಕಿತು. ಮದುವೆಯಾದವರ ಮೇಲೆ ಗಂಡನ ಅಧಿಕಾರ ಮಾತ್ರ ಹಾಗೇ ಉಳಿಯಿತು. ಹೀಗಾಗಿ ಪ್ರಾಪ್ತ ವಯಸ್ಕರಾದ ಲೂಯಿಸೆ, ತಂದೆ ತಾಯಿ ಬಿಟ್ಟುಹೋದ ಸಾಧಾರಣ ಆಸ್ತಿಯ ಬೆಂಬಲದಿಂದ, ತಮ್ಮ ಸಹಿಯಲ್ಲೇ ಪ್ರಕಾಶಕರೊಂದಿಗೆ ವ್ಯವಹರಿಸುವ ಸ್ಥಿತಿಯಲ್ಲಿದ್ದರು. ಮದುವೆಯಾಗಿದ್ದರೆ ಅದು ಇಷ್ಟು ಸುಲಭವಿರುತ್ತಿರಲಿಲ್ಲ. ಪ್ರತಿಭೆ, ಧೈರ್ಯಗಳ ಬಗ್ಗೆ ಎಷ್ಟು ಹೇಳಿದರೂ ಈ ಒಂದು ಸಂಗತಿಯನ್ನು ಬಿಡಬಾರದು.

ಅವರನ್ನು ರೂಪಿಸಿದ ಎರಡನೆಯ ಸಂಗತಿ ಓಯೆಡೆರಾನ್ ಎಂಬ ಊರು. 1840ರಲ್ಲಿ ಅಕ್ಕನ ಮನೆಗೆಂದು ಅವರು ಎರ್ಟ್ಸ್‌ಗೆಬಿರ್ಗೆ ಬೆಟ್ಟಸೀಮೆಯ ಈ ಜವಳಿ ಊರಿಗೆ ಹೋದರು. ನೇಕಾರರ, ಲೇಸು ಹೆಣೆಯುವ ಹೆಂಗಸರ ಬಡತನವನ್ನು ಹತ್ತಿರದಿಂದ ಕಂಡದ್ದು ಅಲ್ಲಿ. ಲೇಸಿನ ಕೆಲಸ ಹೀಗೆ: ಬಿಗಿಯಾಗಿ ತುಂಬಿದ ದಿಂಡಿನ ಮೇಲೆ ವಿನ್ಯಾಸದ ಕಾಗದ ಹೊದಿಸಿ, ತೂತುಗಳಲ್ಲಿ ಗುಂಡುಸೂಜಿ ಚುಚ್ಚಿ, ಮರದ ಸಣ್ಣ ಕಡ್ಡಿಗಳಿಗೆ ಸುತ್ತಿದ ನೂಲನ್ನು ಜೋಡಿ ಜೋಡಿಯಾಗಿ ಅಡ್ಡಹಾಯಿಸಿ ಹೆಣೆಯುವುದು. ವ್ಯಾಪಾರಿ ನೂಲು ಕೊಡುತ್ತಾನೆ, ಸಿದ್ಧ ಲೇಸನ್ನು ಅಳೆದು ಒಯ್ಯುತ್ತಾನೆ, ಬೆಲೆಯನ್ನೂ ಅವನೇ ನಿಗದಿ ಮಾಡುತ್ತಾನೆ. ಇಂಗ್ಲೆಂಡಿನಲ್ಲಿ ಲೇಸು ಹೆಣೆಯುವ ಯಂತ್ರ ಬಂದ ಮೇಲೆ ಕೈಲೇಸಿನ ಬೆಲೆ ಕುಸಿಯುತ್ತ ಹೋಯಿತು. ಬೆಲೆ ಇಳಿದಷ್ಟೂ ಅದೇ ಕೂಲಿಗೆ ಹೆಚ್ಚು ಹೊತ್ತು ಕೂರಬೇಕು, ಹೆಚ್ಚು ಮಾಲು ಬಂದಷ್ಟೂ ಬೆಲೆ ಇನ್ನೂ ಇಳಿಯುತ್ತದೆ. ಆ ಲೇಸು ತೊಟ್ಟ ಸಿರಿವಂತೆಯರನ್ನೂ ಅದನ್ನು ಹೆಣೆದು ಕಣ್ಣು ಕಳೆದುಕೊಳ್ಳುವವರನ್ನೂ ಎದುರುಬದುರು ನಿಲ್ಲಿಸಿ ಅವರು ಬರೆದ ‘ಲೇಸು ಹೆಣೆಯುವವರು’ ಎಂಬ ಕವಿತೆ ಆ ಸೀಮೆಯಲ್ಲಿ ಗದ್ದಲವೆಬ್ಬಿಸಿತು. ಹೆಣ್ಣಿನ ಪ್ರಶ್ನೆ ಅವರ ಮಟ್ಟಿಗೆ ಕೂಲಿಯ ಪ್ರಶ್ನೆಯಾಗಿಯೇ ಶುರುವಾಯಿತು, ಕೊನೆಯವರೆಗೂ ಹಾಗೇ ಉಳಿಯಿತು.

ಮೊದಮೊದಲು ‘ಒಟ್ಟೊ ಸ್ಟೆರ್ನ್’ ಎಂಬ ಗಂಡು ಹೆಸರಿನಲ್ಲಿ ಪತ್ರಿಕೆಗಳಿಗೆ ಬರೆಯುತ್ತಿದ್ದರು. 1843ರಲ್ಲಿ ಲೈಪ್‌ಜಿಗ್‌ನ ಪ್ರಜಾಪ್ರಭುತ್ವವಾದಿ ರಾಬರ್ಟ್ ಬ್ಲೂಮ್ ತಮ್ಮ ಪತ್ರಿಕೆಯಲ್ಲಿ, ರಾಜ್ಯದ ವ್ಯವಹಾರಗಳಲ್ಲಿ ಮಹಿಳೆಯರು ಭಾಗವಹಿಸಬೇಕೇ ಎಂಬ ಪ್ರಶ್ನೆ ಎತ್ತಿದಾಗ, ‘ಸ್ಯಾಕ್ಸನಿಯ ಒಬ್ಬ ಹುಡುಗಿ’ ಎಂಬ ಸಹಿಯೊಂದಿಗೆ ಇವರ ಉತ್ತರ ಬಂತು: ಅದು ಹಕ್ಕಷ್ಟೇ ಅಲ್ಲ, ಕರ್ತವ್ಯ. ಅದೇ ವರ್ಷ ಮೊದಲ ಕಾದಂಬರಿ ಹೊರಬಂತು.

1846ರ ‘ಅರಮನೆ ಮತ್ತು ಕಾರ್ಖಾನೆ’ ಎಂಬ ಮೂರು ಸಂಪುಟಗಳ ಕಾದಂಬರಿಯ ಪ್ರಸಂಗದಿಂದ ಹಳೆಯ ಸೆನ್ಸಾರ್ ಹೇಗಿತ್ತೆಂದು ತಿಳಿಯುತ್ತದೆ. ಜರ್ಮನ್ ರಾಜ್ಯಗಳು ಸೇರಿ ಮಾಡಿದ 1819ರ ಕಾರ್ಲ್ಸ್‌ಬಾಡ್ ನಿರ್ಣಯಗಳ ಪ್ರಕಾರ 20 ಫಾರಂಗಿಂತ (ಫಾರಂ ಎಂದರೆ ಮಡಿಸಿ ಪುಟಗಳಾಗುವ ಅಚ್ಚಿನ ದೊಡ್ಡ ಹಾಳೆ) ಕಡಿಮೆ ಇರುವ ಪ್ರಕಟಣೆಗಳನ್ನು ಅಚ್ಚಿಗೆ ಮೊದಲೇ ಸೆನ್ಸಾರ್ ನೋಡಬೇಕು. ಫಾರಂಗೆ 16 ಪುಟದಂತೆ ಲೆಕ್ಕ ಹಾಕಿದರೆ 320 ಪುಟ. ಕರಪತ್ರ, ಪತ್ರಿಕೆ ಬೇಗ ಹರಡುತ್ತವೆ, ಅಗ್ಗ. ದಪ್ಪ ಪುಸ್ತಕ ಕೊಳ್ಳುವವರು ಅನುಕೂಲಸ್ಥರು, ಅವರಿಂದ ಗಲಭೆಯಾಗದು ಎಂಬುದು ಆ ಲೆಕ್ಕದ ಹಿಂದಿನ ಯೋಚನೆ. ಆದರೆ ದಪ್ಪ ಪುಸ್ತಕಕ್ಕೆ ಬೇರೆ ಅಪಾಯವಿತ್ತು. ಅಚ್ಚಾದ ಮೇಲೆ ಜಪ್ತಿ ಮಾಡಿದರೆ ಕಾಗದ, ಅಚ್ಚುಮೊಳೆ ಜೋಡಣೆ, ಮುದ್ರಣ ಎಲ್ಲದರ ಹಣವೂ ಮುಳುಗಿತು. ಪ್ರಕಾಶಕ ಮುಂದಿನ ಸಲ ತಾನೇ ಅಂಜಿ ಕತ್ತರಿ ಹಾಕುತ್ತಾನೆ. ಕಾರ್ಖಾನೆ ಕಾರ್ಮಿಕರ ಬದುಕನ್ನು ತೆರೆದಿಟ್ಟ ಈ ಕಾದಂಬರಿಯನ್ನು ಜಪ್ತಿ ಮಾಡಿದರು. ಲೂಯಿಸೆ ಡ್ರೆಸ್ಡೆನ್‌ಗೆ ಹೋಗಿ ಮಂತ್ರಿಯನ್ನೇ ಕಂಡರು. ಕೆಲವು ಭಾಗಗಳನ್ನು ತೆಗೆದ ಮೇಲಷ್ಟೇ ಪುಸ್ತಕ ಓದುಗರಿಗೆ ಸಿಕ್ಕಿತು.

1848ರ ಮೇ ತಿಂಗಳಲ್ಲಿ ಅವರು ಬರೆದ ಮನವಿಯನ್ನು ನಾನು ಅವರ ಎಲ್ಲ ಕಾದಂಬರಿಗಳಿಗಿಂತ ಮೇಲೆ ಇಡುತ್ತೇನೆ. ಕ್ರಾಂತಿಯ ನಂತರ ಬಂದ ಸ್ಯಾಕ್ಸನಿಯ ಹೊಸ ಸರ್ಕಾರ ದುಡಿಮೆಯ ವ್ಯವಸ್ಥೆ ಸುಧಾರಿಸಲು ಆಯೋಗ ರಚಿಸಿತ್ತು. ಮಂತ್ರಿ ಓಬರ್‌ಲೆಂಡರ್ ಅವರಿಗೆ, ಆಯೋಗಕ್ಕೆ ಮತ್ತು ಕಾರ್ಮಿಕರಿಗೆ ಬರೆದ ‘ಒಬ್ಬ ಹುಡುಗಿಯ ಮನವಿ’ಯಲ್ಲಿ ಅವರ ವಾದ ನೇರವಾಗಿದೆ: ಗಂಡಸರ ದುಡಿಮೆಯನ್ನಷ್ಟೇ ಸಂಘಟಿಸಿದರೆ ಸಾಲದು, ಹೆಂಗಸರದನ್ನೂ ಸಂಘಟಿಸಬೇಕು. ಅವರಿಗೆ ತೆರೆದಿರುವ ಕೆಲಸಗಳು ಬೆರಳೆಣಿಕೆಯಷ್ಟು. ಅವಕ್ಕೇ ಎಲ್ಲರೂ ಮುಗಿಬೀಳುವುದರಿಂದ ಕೂಲಿ ಹೊಟ್ಟೆಗೂ ಸಾಲದಷ್ಟು ಇಳಿಯುತ್ತದೆ, ಕೊನೆಗೆ ಮೈ ಮಾರಿಕೊಳ್ಳುವ ಗತಿ ಬರುತ್ತದೆ. ಸ್ವಭಾವದ ದೋಷವೆಂದು ಜನ ದೂಷಿಸುತ್ತಿದ್ದುದನ್ನು ಅವರು ಕೂಲಿ ಮಾರುಕಟ್ಟೆಯ ಪರಿಣಾಮವೆಂದು ಬಿಡಿಸಿ ತೋರಿಸಿದರು. ಇಂದಿಗೂ ಆ ತರ್ಕದ ಒಂದು ಎಳೆಯೂ ಸಡಿಲವಾಗಿಲ್ಲ.

ಪತ್ರಿಕೆಯ ಮೊದಲ ಸಂಚಿಕೆ ಬಂದದ್ದು 1849ರ ಏಪ್ರಿಲ್ 21ಕ್ಕೆ, ಗ್ರೋಸೆನ್‌ಹೈನ್ ಎಂಬ ಊರಿನ ಮುದ್ರಣಾಲಯದಿಂದ. ಸ್ವಾತಂತ್ರ್ಯದ ಸಾಮ್ರಾಜ್ಯಕ್ಕೆ ಮಹಿಳಾ ಪ್ರಜೆಗಳನ್ನು ಸೇರಿಸುತ್ತೇನೆ ಎಂಬುದು ಅದರ ಧ್ಯೇಯವಾಕ್ಯ. ತಮ್ಮ ಬಗ್ಗೆ ತಾವೇ ಯೋಚಿಸಲು ಮರೆತವರನ್ನು ಉಳಿದವರೂ ಮರೆತರು ಎಂಬುದೇ ಇತಿಹಾಸದ ಪಾಠ, ಎಂದು ಮೊದಲ ಸಂಚಿಕೆಯಲ್ಲೇ ಬರೆದರು. ಸಮಯವೋ ತೀರ ಕೆಟ್ಟದ್ದು. ರಾಬರ್ಟ್ ಬ್ಲೂಮ್ ಅವರನ್ನು ಹಿಂದಿನ ನವೆಂಬರ್‌ನಲ್ಲೇ ವಿಯೆನ್ನಾದಲ್ಲಿ ಗುಂಡಿಕ್ಕಿ ಕೊಂದಿದ್ದರು. ಪತ್ರಿಕೆ ಶುರುವಾಗಿ ಎರಡು ವಾರಕ್ಕೆ ಡ್ರೆಸ್ಡೆನ್‌ನಲ್ಲಿ ದಂಗೆಯೆದ್ದಿತು, ನೆರೆಯ ದೊಡ್ಡ ರಾಜ್ಯ ಪ್ರಷ್ಯದ ಸೇನೆ ಬಂದು ಅದನ್ನು ಅಡಗಿಸಿತು.

ಆ ದಿನಗಳಲ್ಲಿ ಪತ್ರಿಕೆ ತೆಗೆದ ಹೆಂಗಸು ಇವರೊಬ್ಬರೇ ಅಲ್ಲ. ಕಲೋನ್‌ನಲ್ಲಿ ಮಥಿಲ್ಡೆ ಫ್ರಾನ್ಸಿಸ್ಕಾ ಆನೆಕೆ 1848ರ ಸೆಪ್ಟೆಂಬರ್‌ನಲ್ಲಿ ತಂದ ಮಹಿಳಾ ಪತ್ರಿಕೆ ಕೆಲವೇ ಸಂಚಿಕೆಗಳಿಗೆ ನಿಂತಿತು, ಅವರು ಅಮೆರಿಕಕ್ಕೆ ವಲಸೆ ಹೋದರು. ಬರ್ಲಿನ್‌ನಲ್ಲಿ ಲೂಯಿಸೆ ಆಸ್ಟನ್ ತಂದ ಪತ್ರಿಕೆಯೂ ಕೆಲವೇ ವಾರ ಬಾಳಿತು. ಒಟ್ಟೊ ಅವರ ಪತ್ರಿಕೆ ಮಾತ್ರ ಮೂರು ವರ್ಷಕ್ಕೂ ಹೆಚ್ಚು ನಡೆಯಿತು. ಇದಕ್ಕೆ ಅದರ ವಿನ್ಯಾಸವೂ ಕಾರಣ ಎನ್ನಬೇಕು. ಅದು ಒಬ್ಬರ ಗಂಟಲಿನ ಪತ್ರಿಕೆಯಾಗಿರಲಿಲ್ಲ. ಬೇರೆ ಬೇರೆ ಊರುಗಳಿಂದ ಓದುಗರೇ ವರದಿ ಕಳಿಸುತ್ತಿದ್ದರು: ಮನೆಗೆಲಸದವರ ಸ್ಥಿತಿ, ಹೊಲಿಗೆಯವರ ಕೂಲಿ, ಸೆರೆಯಲ್ಲಿರುವ ಕ್ರಾಂತಿಕಾರರ ಕುಟುಂಬಗಳಿಗೆ ನೆರವು, ಶಿಕ್ಷಣತಜ್ಞ ಫ್ರೊಬೆಲ್ ಮಾದರಿಯ ಕಿಂಡರ್‌ಗಾರ್ಟನ್, ಹ್ಯಾಂಬರ್ಗ್‌ನಲ್ಲಿ 1850ರ ಆರಂಭದಲ್ಲಿ ತೆರೆದ ಮಹಿಳಾ ಉನ್ನತ ಶಾಲೆ. ಕಿಂಡರ್‌ಗಾರ್ಟನ್‌ನಲ್ಲಿ ಏನು ರಾಜಕೀಯ ಎನ್ನಿಸಬಹುದು. ಪ್ರಷ್ಯ ಸರ್ಕಾರ 1851ರಲ್ಲಿ ಅವನ್ನು ನಿಷೇಧಿಸಿತು, 1860ರವರೆಗೂ ನಿಷೇಧ ತೆರವಾಗಲಿಲ್ಲ. ಹೆಂಗಸರು ತಾವಾಗಿ ಸೇರಿ ನಡೆಸುವ ಯಾವ ಕೆಲಸವನ್ನೂ ಆಳುವವರು ನಿರುಪದ್ರವಿ ಎಂದು ಬಗೆಯಲಿಲ್ಲ.

ಲೂಯಿಸೆ ಅವರ ಮನೆಯ ಶೋಧ ನಡೆಯಿತು, ವಿಚಾರಣೆಗಳಾದವು. ಕೊನೆಗೆ ಬಂದದ್ದು ಆ 12ನೇ ಕಲಮು. ಒಬ್ಬ ಗಂಡಸಿನ ಹೆಸರು ಅಚ್ಚು ಹಾಕಿ ತಾವೇ ನಡೆಸಬಹುದಿತ್ತಲ್ಲ ಎಂದು ಕೇಳಬಹುದು. ಜೈಲಿಗೆ ಹೋಗಬೇಕಾದವನು ಹೆಸರಿನವನೇ ಆದ್ದರಿಂದ ಯಾವ ಲೇಖನ ಹೋಗಬೇಕು, ಯಾವುದು ಬೇಡ ಎಂಬ ಕೊನೆಯ ಮಾತೂ ಅವನದಾಗುತ್ತದೆ. ಹೆಂಗಸರು ತಮ್ಮ ಪರವಾಗಿ ತಾವೇ ಮಾತಾಡಬೇಕು ಎಂದು ಹೊರಟ ಪತ್ರಿಕೆಗೆ ಅದು ಬುಡಕ್ಕೇ ಕೊಡಲಿ. ಅವರು ಆಯ್ದುಕೊಂಡದ್ದು ಗಡಿ ದಾಟುವ ದಾರಿ. ಜರ್ಮನಿ ಆಗ ಹತ್ತಾರು ರಾಜ್ಯಗಳ ಗುಂಪು, ಒಂದೊಂದಕ್ಕೂ ಬೇರೆ ಕಾನೂನು. 1851ರಿಂದ ಪತ್ರಿಕೆ ರಾಯ್ಸ್ ಸಂಸ್ಥಾನದ ಗೇರಾ ಪಟ್ಟಣದಿಂದ ಬರತೊಡಗಿತು. 1852ರ ನಂತರ ಅದೂ ಉಳಿಯಲಿಲ್ಲ.

ಮುಂದಿನ ಹತ್ತು ಹನ್ನೆರಡು ವರ್ಷ ಐತಿಹಾಸಿಕ ಕಾದಂಬರಿ, ಕವಿತೆ, ಸಂಗೀತ ವಿಮರ್ಶೆಗಳಲ್ಲಿ ಕಳೆದವು. ಬಾಡೆನ್ ರಾಜ್ಯದ 1849ರ ದಂಗೆಯಲ್ಲಿ ಭಾಗವಹಿಸಿ ಸೆರೆಯಾಗಿದ್ದ ಬರಹಗಾರ ಔಗುಸ್ಟ್ ಪೀಟರ್ಸ್ ಜೊತೆ ಅವರು ಸೆರೆಮನೆಯಲ್ಲಿದ್ದಾಗಲೇ ನಿಶ್ಚಿತಾರ್ಥವಾಯಿತು. ಪೀಟರ್ಸ್ ಬಿಡುಗಡೆಯಾದದ್ದು 1856ರಲ್ಲಿ, ಮದುವೆ 1858ರಲ್ಲಿ. ಇಬ್ಬರೂ ಲೈಪ್‌ಜಿಗ್‌ನಲ್ಲಿ ಒಂದು ದಿನಪತ್ರಿಕೆಯಲ್ಲಿ ಒಟ್ಟಿಗೆ ದುಡಿದರು. 1864ರಲ್ಲಿ ಪೀಟರ್ಸ್ ತೀರಿಕೊಂಡರು.

1865ರಲ್ಲಿ ಲೂಯಿಸೆ ಮತ್ತೆ ಎದ್ದರು, ಈ ಸಲ ಸಂಘ ಕಟ್ಟಲು. ಶಿಕ್ಷಕಿ ಔಗುಸ್ಟೆ ಸ್ಮಿಟ್, ಹೆನ್ರಿಯೆಟ್ಟೆ ಗೋಲ್ಡ್‌ಸ್ಮಿಟ್ ಮೊದಲಾದವರೊಂದಿಗೆ ಅಕ್ಟೋಬರ್‌ನಲ್ಲಿ ಲೈಪ್‌ಜಿಗ್‌ನಲ್ಲಿ ಮಹಿಳಾ ಸಮಾವೇಶ ನಡೆಸಿ, 18ರಂದು ‘ಅಖಿಲ ಜರ್ಮನ್ ಮಹಿಳಾ ಸಂಘ’ ಸ್ಥಾಪಿಸಿದರು. ಸಾರ್ವಜನಿಕ ಸಭೆಯ ಅಧ್ಯಕ್ಷ ಪೀಠದಲ್ಲಿ ಹೆಂಗಸು ಕೂತದ್ದನ್ನು ಕಂಡು ಪತ್ರಿಕೆಗಳು ‘ಲೈಪ್‌ಜಿಗ್‌ನ ಹೆಂಗಸರ ಕಾಳಗ’ ಎಂದು ಗೇಲಿ ಮಾಡಿದವು. ಸಂಘದ ನಿಯಮಾವಳಿಯಲ್ಲಿ ಎರಡು ಮಾತು ಮುಖ್ಯ. ಒಂದು, ದುಡಿಮೆ ಹೆಣ್ಣಿನ ಕರ್ತವ್ಯವೂ ಗೌರವವೂ ಹೌದು, ಆದ್ದರಿಂದ ಅದು ಅವಳ ಹಕ್ಕು, ಅದಕ್ಕಿರುವ ಅಡ್ಡಿಗಳನ್ನೆಲ್ಲ ತೆಗೆಯಬೇಕು. ಎರಡು, ಗಂಡಸರು ಗೌರವ ಸದಸ್ಯರಾಗಿ ಸಲಹೆ ಕೊಡಬಹುದು, ಪೂರ್ಣ ಸದಸ್ಯರಾಗುವಂತಿಲ್ಲ. ಮರುವರ್ಷ ಬರ್ಲಿನ್‌ನಲ್ಲಿ ಅಡಾಲ್ಫ್ ಲೆಟ್ಟೆ ಸ್ಥಾಪಿಸಿದ ಸಂಘವೂ ಹೆಣ್ಣುಮಕ್ಕಳಿಗೆ ಕಸುಬು ಕಲಿಸಿತು, ಒಳ್ಳೆಯ ಕೆಲಸವನ್ನೇ ಮಾಡಿತು. ಆದರೆ ಹೆಂಗಸರ ರಾಜಕೀಯ ಸಮಾನತೆ ಎಷ್ಟು ಶತಮಾನ ಕಳೆದರೂ ತಮ್ಮ ಗುರಿಯಲ್ಲ ಎಂದು ಲೆಟ್ಟೆ ಮೊದಲೇ ಬರೆದಿಟ್ಟಿದ್ದರು. ಎರಡೂ ಸಂಘಗಳು ಮೇಲ್ನೋಟಕ್ಕೆ ಒಂದೇ ಕೆಲಸ ಮಾಡಿದವು. ಯಾರು ತೀರ್ಮಾನಿಸುತ್ತಾರೆ ಎಂಬುದರಲ್ಲಿ ವ್ಯತ್ಯಾಸವಿತ್ತು.

ಮತದ ಹಕ್ಕನ್ನು ಏಕೆ ಮುಂದಿಡಲಿಲ್ಲ? ಇಲ್ಲಿ ಓದಬೇಕಾದದ್ದು 1850ರ ಮಾರ್ಚ್ 11ರ ಪ್ರಷ್ಯದ ಸಂಘ ಕಾಯ್ದೆಯ 8ನೇ ಕಲಮು. ರಾಜಕೀಯ ವಿಷಯ ಚರ್ಚಿಸುವ ಸಂಘಗಳು ಹೆಂಗಸರನ್ನು, ವಿದ್ಯಾರ್ಥಿಗಳನ್ನು, ಕಸುಬು ಕಲಿಯುವ ಹುಡುಗರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳುವಂತಿಲ್ಲ. ಅಂಥ ಸಂಘದ ಸಭೆಗೂ ಅವರು ಬರುವಂತಿಲ್ಲ. ಬಂದರೆ ಪೊಲೀಸರು ಸಭೆ ಬರಖಾಸ್ತು ಮಾಡಬಹುದು, ಸಂಘವನ್ನೇ ಮುಚ್ಚಿಸಬಹುದು. ಬವೇರಿಯದಲ್ಲೂ ಇಂಥದೇ ಕಾಯ್ದೆಯಿತ್ತು. ‘ರಾಜಕೀಯ’ ಯಾವುದು ಎಂದು ತೀರ್ಮಾನಿಸುವವರು ಸಭೆಯಲ್ಲಿ ಕೂತ ಪೊಲೀಸ್ ಅಧಿಕಾರಿಯೇ. ಊರಿಂದೂರಿಗೆ ಸಮಾವೇಶ ನಡೆಸಿ ಶಾಖೆ ತೆರೆಯುತ್ತ ಹೋದ ಸಂಘ ಎಲ್ಲಕ್ಕಿಂತ ಕಠಿಣವಾದ ರಾಜ್ಯದ ಕಾನೂನಿಗೂ ಹೊಂದಿಕೊಳ್ಳಬೇಕು, ಇಲ್ಲದಿದ್ದರೆ ಅಲ್ಲಿನ ಶಾಖೆ ಉಳಿಯುವುದಿಲ್ಲ. ಬರ್ಲಿನ್‌ನ ಹೆಡ್ವಿಗ್ ಡೋಮ್ 1870ರ ದಶಕದಲ್ಲೇ ಮತದ ಹಕ್ಕನ್ನು ಬಹಿರಂಗವಾಗಿ ಕೇಳಿದರು, ನಿಜ. ಅವರು ಒಂಟಿಯಾಗಿ ಪುಸ್ತಕ ಬರೆದವರು. ಪುಸ್ತಕಕ್ಕೆ ಸಂಘ ಕಾಯ್ದೆ ತಟ್ಟುವುದಿಲ್ಲ. ಎರಡೂ ಬಗೆಯ ಕೆಲಸ ಬೇಕಿತ್ತು, ಅಪಾಯಗಳು ಮಾತ್ರ ಬೇರೆ ಬೇರೆ.

‘ಗಳಿಕೆಗೆ ಮಹಿಳೆಯರ ಹಕ್ಕು’ ಎಂಬ 1866ರ ಪುಸ್ತಕವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ತನ್ನ ಕಾಲ ಮೇಲೆ ನಿಂತವಳಷ್ಟೇ ಸ್ವತಂತ್ರಳು, ಮದುವೆಯನ್ನು ಅನ್ನದ ಏರ್ಪಾಡಾಗಿ ಮಾಡಿಕೊಂಡರೆ ಮದುವೆಗೂ ಅವಮಾನ ಹೆಣ್ಣಿಗೂ ಅವಮಾನ ಎಂಬುದು ಅದರ ತಿರುಳು. ಅದೇ ವರ್ಷದಿಂದ ಸಂಘದ ಪತ್ರಿಕೆ ‘ನೋಯೆ ಬಾನೆನ್’ ತಂದರು, ಸಾಯುವವರೆಗೂ ಅದನ್ನು ಕೈಬಿಡಲಿಲ್ಲ.

1876ರಲ್ಲಿ ಅವರು ಪ್ರಕಟಿಸಿದ ಪುಟ್ಟ ಪುಸ್ತಕವೊಂದು ಪತ್ರಕರ್ತೆಯ ಕೈಚಳಕಕ್ಕೆ ಒಳ್ಳೆಯ ಉದಾಹರಣೆ. 1871ರಲ್ಲಿ ಒಂದಾದ ಜರ್ಮನಿಗೆ ಏಕರೂಪದ ನಾಗರಿಕ ಸಂಹಿತೆ ಬರೆಯುವ ಕೆಲಸ ಆಗ ಶುರುವಾಗಿತ್ತು. ಮದುವೆ, ಆಸ್ತಿ, ಮಕ್ಕಳ ಪಾಲನೆಯ ವಿಷಯದಲ್ಲಿ ತಮ್ಮ ತಮ್ಮ ರಾಜ್ಯದ ಕಾನೂನು ಏನು ಹೇಳುತ್ತದೆ, ಅದರಿಂದ ಏನಾಗಿದೆ ಎಂದು ಬರೆದು ಕಳಿಸುವಂತೆ ಸಂಘ ಹೆಂಗಸರನ್ನು ಕೇಳಿತು. ಬಂದದ್ದನ್ನು ಒಟ್ಟುಗೂಡಿಸಿ ಕಲಮುಗಳ ಸಮೇತ ಅಚ್ಚು ಹಾಕಿದರು. ದೂರುವುದಕ್ಕಿಂತ ಕಾನೂನಿನ ಪಠ್ಯವನ್ನೇ ಓದುಗಳ ಕೈಗೆ ಕೊಡುವುದು ಎಷ್ಟು ಪರಿಣಾಮಕಾರಿ ಎಂದು, ಒಂದು ಕಲಮಿನಿಂದ ಪತ್ರಿಕೆ ಕಳೆದುಕೊಂಡವರಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

ಈ ಎಚ್ಚರಿಕೆಯ ದಾರಿಗೆ ತೆತ್ತ ಬೆಲೆಯನ್ನೂ ಮುಚ್ಚಿಡಬಾರದು. 1894ರಲ್ಲಿ ಜರ್ಮನಿಯ ಮಹಿಳಾ ಸಂಘಗಳೆಲ್ಲ ಸೇರಿ ಒಕ್ಕೂಟ ರಚಿಸಿದಾಗ ಔಗುಸ್ಟೆ ಸ್ಮಿಟ್ ಮೊದಲ ಅಧ್ಯಕ್ಷೆಯಾದರು. ಸಮಾಜವಾದಿ ಕಾರ್ಮಿಕ ಮಹಿಳೆಯರ ಸಂಘಗಳನ್ನು ಒಕ್ಕೂಟ ಒಳಗೆ ಬಿಟ್ಟುಕೊಳ್ಳಲಿಲ್ಲ. ಅವು ‘ರಾಜಕೀಯ’ ಸಂಘಗಳಾದ್ದರಿಂದ ಸಂಘ ಕಾಯ್ದೆಯ ತೊಡಕು ಬರುತ್ತದೆ ಎಂಬುದು ಕೊಟ್ಟ ಕಾರಣ. ಕಾನೂನಿನ ಭಯ ನಿಜವಾದದ್ದೇ. ಆದರೆ ಮಧ್ಯಮ ವರ್ಗದ ಹೆಂಗಸರಿಗೆ ಅದು ಅನುಕೂಲಕರ ನೆಪವೂ ಆಯಿತೆಂದೇ ನನ್ನ ಎಣಿಕೆ. 1848ರ ಮನವಿ ಯಾರಿಗಾಗಿ ಬರೆದದ್ದೋ ಅವರೇ ಹೊರಗುಳಿದರು, ಚಳವಳಿ ಎರಡಾಗಿ ಒಡೆಯಿತು. ಲೂಯಿಸೆ ಒಟ್ಟೊ-ಪೀಟರ್ಸ್ ಮರುವರ್ಷ, 1895ರ ಮಾರ್ಚ್ 13ರಂದು ಲೈಪ್‌ಜಿಗ್‌ನಲ್ಲಿ ತೀರಿಕೊಂಡರು.

ಸಂಘ ಕಾಯ್ದೆಯ ನಿಷೇಧ ಹೋದದ್ದು 1908ರಲ್ಲಿ. ಮತದ ಹಕ್ಕು ಬಂದದ್ದು 1918ರ ನವೆಂಬರ್‌ನಲ್ಲಿ, ಮೊದಲ ಮತದಾನ 1919ರ ಜನವರಿ 19ಕ್ಕೆ. ನಾಗರಿಕ ಸಂಹಿತೆ ಇನ್ನೂ ಮೊಂಡು. 1900ರಲ್ಲಿ ಜಾರಿಗೆ ಬಂದಾಗ ಅದರ 1354ನೇ ಕಲಮು ಸಂಸಾರದ ವಿಷಯಗಳಲ್ಲಿ ಕೊನೆಯ ಮಾತನ್ನು ಗಂಡನಿಗೇ ಕೊಟ್ಟಿತ್ತು. ಮೈಸೆನ್, ಲೈಪ್‌ಜಿಗ್‌ಗಳಿದ್ದ ಪೂರ್ವ ಜರ್ಮನಿಯಲ್ಲಿ 1949ರ ಸಂವಿಧಾನದೊಂದಿಗೆ ಅದು ಹೋಯಿತು. ಪಶ್ಚಿಮ ಜರ್ಮನಿಯಲ್ಲಿ 1958ರ ಜುಲೈವರೆಗೂ ಇತ್ತು. ಹೆಂಡತಿ ಹೊರಗೆ ದುಡಿಯುವುದು ಮನೆ ಸಂಸಾರದ ಕರ್ತವ್ಯಗಳಿಗೆ ಹೊಂದುವಷ್ಟು ಮಾತ್ರ ಎಂಬ ನಿಯಮವನ್ನು ಅಲ್ಲಿ ತೆಗೆದುಹಾಕಿದ್ದು 1977ರಲ್ಲಿ.